ಮನೆಶಿಕ್ಷಣದ ಮೊದಲ ವರ್ಷ: ಪಠ್ಯಕ್ರಮ ಯಾವುದು, ಧೈರ್ಯ ಎಲ್ಲಿಂದ?

ಚಿತ್ರದುರ್ಗದಲ್ಲಿದ್ದು, ನಾಲ್ಕನೆಯ ತರಗತಿಯ ಮಗಳಿಗೆ ಈ ವರ್ಷದಿಂದ ಮನೆಯಲ್ಲೇ ಕಲಿಸಲು ಹೊರಟಿರುವ ತಾವು, ಯಾವ ಪಠ್ಯಕ್ರಮ ಹಿಡಿಯಬೇಕು, ಇದು ನಮ್ಮಿಂದಾದೀತೇ ಎಂದು ಕೇಳಿದ್ದೀರಿ.

ಮೊದಲ ವರ್ಷವೇ ದುಬಾರಿ ಕಿಟ್ ಕೊಳ್ಳಬೇಡಿ. ರಾಜ್ಯದ ಪಠ್ಯಪುಸ್ತಕಗಳೂ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಗಣಿತಕ್ಕೆ ಇವುಗಳಲ್ಲಿ ಒಂದರ ಕ್ರಮವನ್ನೇ ಬಿಡದೆ ಅನುಸರಿಸಿ. ದಶಕ ತೆಗೆದುಕೊಂಡು ಕಳೆಯುವುದು ಗಟ್ಟಿಯಾಗದ ಮಗುವಿಗೆ ಭಾಗಾಕಾರ ಬರೀ ಬಾಯಿಪಾಠವಾಗಿ ಉಳಿಯುತ್ತದೆ.

ಪರಿಸರ ಅಧ್ಯಯನದಲ್ಲಿ ಮಾತ್ರ ಪುಸ್ತಕದ ಕ್ರಮಕ್ಕೆ ಕಟ್ಟುಬೀಳಬೇಕಿಲ್ಲ. ಚಂದ್ರವಳ್ಳಿಯಲ್ಲಿ ಕೆರೆಯೊಂದರ ವಿಷಯ ಹೇಳುವ ಮಯೂರಶರ್ಮನ ಶಾಸನವನ್ನು ತೋರಿಸಿ, ಕೋಟೆಯ ಹೊಂಡಗಳಿಗೆ ಮಳೆನೀರು ಬಂಡೆಗಳ ಮೇಲಿಂದ ಇಳಿದು ಬರುವ ದಾರಿಯನ್ನು ಮಗಳಿಂದಲೇ ಚಿತ್ರ ಬರೆಸಿ, ಮತ್ತೊಂದು ದಿನ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಅಣೆಕಟ್ಟೆಗೆ ಕರೆದೊಯ್ದರೆ, ನೀರಿನ ಒಂದೇ ಎಳೆಯಲ್ಲಿ ಇತಿಹಾಸ, ಭೂಗೋಳ, ವಿಜ್ಞಾನ ಮೂರೂ ಬರುತ್ತವೆ. (ಬೇಸಿಗೆಯಲ್ಲಾದರೆ ಕೋಟೆಗೆ ಬೆಳಿಗ್ಗೆಯೇ ಹೋಗಿ.)

ಧೈರ್ಯ ಮೊದಲೇ ಬರುವಂಥದ್ದಲ್ಲ. ಅಂದಂದಿನ ಕಲಿಕೆಯನ್ನು ಎರಡು ಸಾಲಿನಲ್ಲಿ ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಹಳೆಯ ಪುಟ ತಿರುವಿದಾಗ, ಮಗು ಸಾಗಿದ ದೂರ ತಮಗೇ ಕಾಣುತ್ತದೆ.

ಇನ್ನು, ‘ಸರ್ಟಿಫಿಕೇಟಿಗೆ ಏನು ಮಾಡುತ್ತೀರಿ’ ಎಂಬ ನೆಂಟರ ಪ್ರಶ್ನೆ ತಪ್ಪಿದ್ದಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೆಯ ತರಗತಿಯ ಹಂತಕ್ಕೆ ನೋಂದಾಯಿಸಬಹುದು. ಅಷ್ಟರೊಳಗೆ ಶಾಲೆಗೆ ಮರಳುವ ಮನಸ್ಸಾದರೂ ಅಡ್ಡಿಯಾಗದಂತೆ, ವರ್ಗಾವಣೆ ಪತ್ರವನ್ನು ಈಗಲೇ ಪಡೆದು ಜನನ ಪ್ರಮಾಣಪತ್ರದೊಂದಿಗೆ ಜೋಪಾನವಾಗಿಡಿ.