ಧಣಿ ಒಳ್ಳೆಯವರೇ, ಆದ್ರೂ ಪರಿಹಾರ ಕೇಳ್ಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಕೆಲಸದ ಜಾಗದಲ್ಲಿ ಪೆಟ್ಟು ಮಾಡ್ಕೊಂಡವರದ್ದೇ ಜಾಸ್ತಿ, ಹಾಗಾಗಿ ಅವನ್ನೇ ಒಟ್ಟು ಮಾಡಿ ಉತ್ತರ ಕೊಡ್ತಿದ್ದೇನೆ. ಮೊದಲೇ ಒಂದು ಮಾತು. 1923ರ ನೌಕರರ ಪರಿಹಾರ ಕಾಯ್ದೆ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಆದ್ರೆ ಇಲ್ಲಿರೋ ಅಪಘಾತ ಎಲ್ಲ ಅದಕ್ಕಿಂತ ಮುಂಚಿಂದು, ಹಾಗಾಗಿ ಹಳೇ ಕಾಯ್ದೆ ಲೆಕ್ಕದಲ್ಲೇ ಹೇಳ್ತೇನೆ. ಹೊಸದ್ರಲ್ಲೂ ಬುಡದ ತತ್ವ ಅದೇ ಇದೆ.

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ರ ಒಂದು ಹಳ್ಳಿ. ನಮ್ಮನೆಯವರು ಎಂಟು ವರ್ಷದಿಂದ ಸಾಮಿಲ್‌ಗೆ ಹೋಗ್ತಿದ್ರು, ವಯಸ್ಸು 35, ದಿನಕ್ಕೆ 650 ರೂಪಾಯಿ, ವಾರಕ್ಕೊಮ್ಮೆ ಕೈಗೇ ಕೊಡೋದು. 2025ರ ಸೆಪ್ಟೆಂಬರ್‌ನಲ್ಲಿ ಮರದ ರೀಪು ಸೀಳುವಾಗ ಬ್ಲೇಡಿಗೆ ಕೈ ಸಿಕ್ಕಿ ಬಲಗೈದು ಎರಡು ಬೆರಳು ಬುಡಕ್ಕೇ ಹೋಯ್ತು. ಧಣಿಗಳು ಕೆಟ್ಟವರಲ್ಲ, ಅವರೇ ಕಾರಲ್ಲಿ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಆಸ್ಪತ್ರೆ ಬಿಲ್ಲು ಪೂರ್ತಿ ಕಟ್ಟಿದ್ರು, ಮನೆ ಖರ್ಚಿಗೆ ಅಂತ 20,000 ಕೊಟ್ರು. ಆಮೇಲೆ ಒಂದು ಸ್ಟಾಂಪ್ ಪೇಪರ್ ತಂದು ಇನ್ನು ಮುಂದೆ ಏನೂ ಕೇಳೋದಿಲ್ಲ ಅಂತ ಸಹಿ ಮಾಡಿಸ್ಕೊಂಡ್ರು. ಹಾಜರಿ ಪುಸ್ತಕದಲ್ಲಿ ಇವರ ಹೆಸರೇ ಇಲ್ಲ. ಬ್ಲೇಡಿಗೆ ಹಾಕೋ ಗಾರ್ಡ್ ಸರಿ ಇರ್ಲಿಲ್ಲ, ಆದ್ರೂ "ನಿಂದೇ ಅಜಾಗರೂಕತೆ" ಅಂತಾರೆ. ನಮ್ಮನೆಯವರು ಕೇಳೋದೇ ಬೇಡ, ಅವರ ಅನ್ನ ಉಂಡಿದ್ದೀವಿ ಅಂತ ಸುಮ್ನೆ ಕೂತಿದ್ದಾರೆ. ಇಬ್ಬರು ಮಕ್ಕಳು ಶಾಲೆಗೆ ಹೋಗೋರು. ಏನಾದ್ರೂ ದಾರಿ ಉಂಟಾ?
ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ದಾರಿ ಇದೆ ತಂಗಿ, ಚೆನ್ನಾಗೇ ಇದೆ. ಮೊದಲು ನಿಮ್ಮನೆಯವರಿಗೆ ಇಷ್ಟು ಹೇಳಿ, ಎಂಟು ವರ್ಷ ಉಂಡಿದ್ದು ಅವರು ದುಡಿದ ಅನ್ನ. ಧಣಿ ಬಿಲ್ಲು ಕಟ್ಟಿದ್ದು ಒಳ್ಳೇ ಕೆಲಸವೇ, ಇಲ್ಲ ಅನ್ನೋದಿಲ್ಲ, ಎಷ್ಟೋ ಜನ ಅಷ್ಟೂ ಮಾಡಲ್ಲ. ಆದ್ರೆ ಚಿಕಿತ್ಸೆ ಖರ್ಚು ಕೊಡೋದು ಕಾಯ್ದೆ ಪ್ರಕಾರ ಮಾಲೀಕರ ಹೊಣೆನೇ, ಚಿಕಿತ್ಸೆಗೆ ಕೊಟ್ಟ ದುಡ್ಡನ್ನ ಪರಿಹಾರದಲ್ಲಿ ಮುರ್ಕೊಳ್ಳೋ ಹಾಗೂ ಇಲ್ಲ. ಬಿಲ್ಲೇ ಬೇರೆ, ಬೆರಳಿನ ಪರಿಹಾರವೇ ಬೇರೆ.

ಸ್ಟಾಂಪ್ ಪೇಪರ್ ಬಗ್ಗೆ ಹೆದರ್ಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಡ್ತೇನೆ ಅಂತ ನೌಕರ ಬರ್ಕೊಟ್ಟ ಕರಾರಿಗೆ ಬೆಲೆಯೇ ಇಲ್ಲ ಅಂತ ಕಾಯ್ದೆಯ 17ನೇ ಕಲಮು ಹೇಳುತ್ತೆ. ಪರಸ್ಪರ ಮಾತಾಡಿ ಇಷ್ಟು ದುಡ್ಡು ಅಂತ ನಿಜವಾಗ್ಲೂ ಒಪ್ಪಂದ ಆಗಿದ್ರೆ ಅದನ್ನ ಪರಿಹಾರ ಆಯುಕ್ತರ (ಈ ಕೇಸುಗಳನ್ನ ತೀರ್ಮಾನ ಮಾಡೋರು) ಹತ್ರ ನೋಂದಾಯಿಸ್ಬೇಕು, ಮೊತ್ತ ತೀರಾ ಕಮ್ಮಿ ಅನ್ನಿಸಿದ್ರೆ ಅವರು ನೋಂದಣಿ ನಿರಾಕರಿಸ್ಬಹುದು. ಸಾಮಿಲ್ ಆಫೀಸಿನ ಟೇಬಲ್ ಮೇಲೆ ಆದ ಸಹಿಗೆ ಆ ತೂಕ ಬರಲ್ಲ.

"ನಿಂದೇ ತಪ್ಪು" ಅನ್ನೋ ಮಾತೂ ಅಷ್ಟೇ. ಈ ಕಾಯ್ದೆಲಿ ಮಾಲೀಕರ ತಪ್ಪು ತೋರಿಸ್ಬೇಕಾಗಿಲ್ಲ, ಕೆಲಸ ಮಾಡ್ತಾ ಇರುವಾಗ, ಆ ಕೆಲಸದಿಂದಾನೇ ಪೆಟ್ಟಾಗಿದೆ ಅಂತ ತೋರಿಸಿದ್ರೆ ಸಾಕು. ಕುಡಿದಿದ್ದ, ಸುರಕ್ಷತೆಗೆ ಅಂತ ಹೇಳಿದ ಸ್ಪಷ್ಟ ಆದೇಶ ಬೇಕಂತಲೇ ಮೀರಿದ, ಗಾರ್ಡ್ ಇದೆ ಅಂತ ಗೊತ್ತಿದ್ದೂ ಬೇಕಂತಲೇ ತೆಗೆದಿಟ್ಟ, ಇಂಥದ್ದಿದ್ರೆ ಮಾತ್ರ ಮಾಲೀಕರು ತಪ್ಪಿಸ್ಕೊಳ್ಬಹುದು, ಅದೂ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಆ ನೆಪವೂ ನಡಿಯಲ್ಲ. ಗಡಿಬಿಡಿಲಿ ಕೈ ಜಾರೋದು ಬೇಕಂತ ಮಾಡಿದ್ದಲ್ಲ.

ಇನ್ನು ಲೆಕ್ಕ. ಕಾಯ್ದೆಲಿ ತಿಂಗಳ ಸಂಬಳ ಎಷ್ಟೇ ಇದ್ರೂ 15,000ದವರೆಗೆ ಮಾತ್ರ ಹಿಡೀತಾರೆ (2020ರ ಜನವರಿ 3ರಿಂದ, ಅದಕ್ಕೂ ಮುಂಚೆ 8,000 ಇತ್ತು). ನಿಮ್ಮನೆಯವರದ್ದು ತಿಂಗಳಿಗೆ 26 ದಿನ ಅಂದ್ರೂ 16,900, ಹಾಗಾಗಿ 15,000 ಹಿಡಿಯೋಣ. ಅದರ 60 ಪರ್ಸೆಂಟ್ 9,000. 35 ವರ್ಷ ವಯಸ್ಸಿಗೆ ಕಾಯ್ದೆ ಕೊಟ್ಟಿರೋ ಗುಣಕ 197.06. ಗುಣಿಸಿದ್ರೆ 17,73,540. ಒಂದು ಕೈಯ ಎರಡು ಬೆರಳು ಹೋದ್ರೆ ದುಡಿಯೋ ಶಕ್ತಿ 20 ಪರ್ಸೆಂಟ್ ಹೋಯ್ತು ಅಂತ ಪಟ್ಟಿಲಿದೆ, ಅಂದ್ರೆ 3,54,708 ರೂಪಾಯಿ. ಗಾಯ ಮಾಯೋವರೆಗೆ ಮನೇಲಿ ಕೂತ ದಿನಕ್ಕೆ 15 ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ ಬೇರೆ, ಆ 20,000ವನ್ನ ಅದ್ರಲ್ಲಿ ಹೊಂದಿಸ್ಕೊಳ್ತೇವೆ ಅಂತ ಅವರು ಹೇಳಿದ್ರೆ ಹೇಳ್ಲಿ. ಪೆಟ್ಟಾದ ದಿನದಿಂದಲೇ ದುಡ್ಡು ಬಾಕಿ, ಒಂದು ತಿಂಗಳೊಳಗೆ ಕೊಡದಿದ್ರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ಸರಿಯಾದ ಕಾರಣ ಇಲ್ದೇ ತಡ ಮಾಡಿದ್ರೆ ಮೊತ್ತದ ಅರ್ಧದವರೆಗೂ ದಂಡ ಹಾಕ್ಬಹುದು.

ಈ 20 ಪರ್ಸೆಂಟೇ ಕೊನೆ ಮಾತು ಅಂತಾನೂ ಒಪ್ಕೊಳ್ಬೇಡಿ. 1976ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಬಡಗಿ ಕೇಸು ಬಂದಿತ್ತು, ಎಡಗೈ ಮೊಣಕೈ ಮೇಲಕ್ಕೆ ಕತ್ತರಿಸಿದ್ರು, ಒಂದೇ ಕೈಲಿ ಬಡಗಿ ಕೆಲಸ ಮಾಡೋಕಾಗಲ್ಲ ಅಂತ ಅದನ್ನ ಪೂರ್ಣ ಅಂಗವೈಕಲ್ಯ ಅಂತಲೇ ಕೋರ್ಟ್ ಒಪ್ತು. ಎರಡು ಬೆರಳಿಗೆ ಅಷ್ಟು ಸಿಗುತ್ತೆ ಅಂತ ಆಸೆ ಹುಟ್ಟಿಸಲ್ಲ, ಆದ್ರೆ ಇವರ ಬಲಗೈ ಈಗ ಹಲಗೆ ಹಿಡಿಯುತ್ತಾ, ಬ್ಲೇಡಿಗೆ ದೂಡೋಕಾಗುತ್ತಾ ಅಂತ ಮೂಳೆ ಡಾಕ್ಟರ ಹತ್ರ ವಿವರವಾಗಿ ಬರೆಸ್ಕೊಳ್ಳಿ.

ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಅನ್ನೋದೇ ಇಲ್ಲಿ ನಿಜವಾದ ಜಗಳ, ಅಲ್ಲೇ ಕೇಸು ಗೆಲ್ಲೋದು ಸೋಲೋದು. ದಿನಗೂಲಿ ಆದ್ರೂ ನೌಕರನೇ, ಆದ್ರೆ ನೌಕರ ಅಂತ ತೋರಿಸ್ಬೇಕಲ್ಲ. ಆಸ್ಪತ್ರೆಗೆ ಸೇರಿಸುವಾಗ "ಸಾಮಿಲ್‌ನಲ್ಲಿ ಬ್ಲೇಡ್ ತಾಗಿ" ಅಂತ ಬರೆಸಿದ್ರಾ, "ಮನೇಲಿ ಕತ್ತಿ ತಾಗಿ" ಅಂತ ಬರೆಸಿದ್ರಾ ಇವತ್ತೇ ನೋಡಿ, ಕೇಸ್ ಶೀಟ್ ನಕಲು ಕೇಳಿ ತಗೊಳ್ಳಿ. ಕಾರಲ್ಲಿ ಕರ್ಕೊಂಡು ಹೋದವರು ಏನು ಬರೆಸ್ತಾರೆ ಅಂತ ಆ ಹೊತ್ತಲ್ಲಿ ಯಾರಿಗೂ ಲಕ್ಷ್ಯ ಇರಲ್ಲ. ಎಂಎಲ್‌ಸಿ (ಪೊಲೀಸರಿಗೆ ತಿಳಿಸೋ ಕೇಸು ಅಂತ ಆಸ್ಪತ್ರೆ ಮಾಡೋ ದಾಖಲೆ) ಆಗಿದ್ರೆ ಅದರ ನಂಬರ್ ತಗೊಳ್ಳಿ. ಬಿಲ್ಲು ಧಣಿಗಳ ಖಾತೆಯಿಂದ ಹೋಗಿದ್ರೆ ಅದೇ ಒಂದು ಸಾಕ್ಷಿ. ಸಾಮಿಲ್ ರೈಟರು "ನಾಳೆ ಬೇಗ ಬಾ ಮಾರಾಯ, ಲೋಡ್ ಬರೋದಿದೆ" ಅಂತ ಹಾಕಿದ ವಾಟ್ಸಾಪ್ ವಾಯ್ಸ್ ಮೆಸೇಜ್ ಫೋನಲ್ಲಿ ಇದ್ದೇ ಇರುತ್ತೆ, ಅಳಿಸ್ಬೇಡಿ, ಆ ಫೋನನ್ನೂ ಮಾರ್ಬೇಡಿ. ತಮಾಷೆ ಅಂದ್ರೆ ಆ ಸ್ಟಾಂಪ್ ಪೇಪರೂ ನಿಮ್ಮ ಕಡೆ ಸಾಕ್ಷಿನೇ, ಇವರು ನೌಕರ ಅಲ್ಲದೇ ಇದ್ರೆ ಬರೆಸ್ಕೊಂಡಿದ್ದು ಯಾಕೆ? ನಕಲು ಕೊಟ್ಟಿಲ್ಲ ಅಂದ್ರೆ ಕೇಳಿ.

ಮೊದಲು ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ. ವಕೀಲರ ಫೀಸಿನ ಚಿಂತೆ ಇದ್ರೆ ಶಿರಸಿ ಕೋರ್ಟ್ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕೆಲಸಗಾರರಿಗೆ ಆದಾಯ ನೋಡದೇ ವಕೀಲರನ್ನ ಕೊಡ್ತಾರೆ. ಫೋನಲ್ಲಿ ಕೇಳೋದಾದ್ರೆ 15100. ಸಾಮಿಲ್‌ಗೆ ಕಾರ್ಮಿಕರ ವಿಮಾ ಪಾಲಿಸಿ ಇದೆಯಾ ಅಂತ ಧಣಿಗಳನ್ನೇ ಕೇಳಿ, ಇದ್ರೆ ದುಡ್ಡು ಅವರ ಕಿಸೆಯಿಂದ ಹೋಗಲ್ಲ, ವಿಮಾ ಕಂಪನಿ ಕೊಡುತ್ತೆ, ಸಂಬಂಧಾನೂ ಉಳಿಯುತ್ತೆ.

ಪ್ರಶ್ನೆ: ನಾನು ತೋಟದವನು, ಒಂದೆಕರೆ ಚಿಲ್ಲರೆ ಅಡಿಕೆ ತೋಟ, ಸಿದ್ದಾಪುರ ಕಡೆ. 2025ರ ಜುಲೈಯಲ್ಲಿ ಕೊಳೆ ಔಷಧ ಹೊಡೆಯುವಾಗ ನಮ್ಮ ಕೊನೆಗೌಡ (ಅಡಿಕೆ ಮರ ಹತ್ತೋ ಕೆಲಸದವನು) ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ವಯಸ್ಸು 40. ನನ್ನಿಂದಾದಷ್ಟು ಕೊಟ್ಟಿದ್ದೇನೆ. ಈಗ ಅವನ ಬಾವ ಬಂದು ಕೇಸು ಹಾಕ್ತೇವೆ ಅಂತಾನೆ. ನಾನೇನು ಫ್ಯಾಕ್ಟರಿ ಇಟ್ಟವನಾ? ನಾನೂ ಕೊಡ್ಬೇಕಾ?

ಉತ್ತರ: ನೇರ ಕೇಳಿದ್ದೀರಿ, ನೇರ ಹೇಳ್ತೇನೆ. ಕೊಡ್ಬೇಕಾಗಿ ಬರೋ ಸಾಧ್ಯತೆ ಇದೆ. ಈ ಕಾಯ್ದೆ ಫ್ಯಾಕ್ಟರಿಗೆ ಮಾತ್ರ ಅಂತ ನಮ್ಮಲ್ಲಿ ಸುಮಾರು ಜನ ತಿಳ್ಕೊಂಡಿದ್ದಾರೆ, ಆದ್ರೆ ಕೃಷಿ ಕೆಲಸ, ತೋಟಗಾರಿಕೆ ಕೆಲಸ ಎರಡೂ ಅದರ ಪಟ್ಟಿಲಿವೆ. "ಅವ ಖಾಯಂ ಆಳಲ್ಲ, ಬಂದು ಹೋಗೋನು" ಅನ್ನೋ ವಾದಾನೂ ಮೊದಲಿನ ಹಾಗೆ ನಡಿಯಲ್ಲ, 2000ದ ತಿದ್ದುಪಡಿಲಿ ಆ ವಿನಾಯ್ತಿ ತೆಗೆದುಹಾಕಿದ್ದಾರೆ.

ನಿಮಗಿರೋ ಒಂದೇ ವಾದ ಅಂದ್ರೆ ಅವನು ಸ್ವತಂತ್ರ ಗುತ್ತಿಗೆದಾರ ಅನ್ನೋದು. ಅವನದ್ದೇ ಹಗ್ಗ, ಅವನದ್ದೇ ಪಂಪು, ಅವನೇ ಜನ ಕಟ್ಕೊಂಡು ಹತ್ತಾರು ತೋಟ ವಹಿಸ್ಕೊಂಡು ತನಗೆ ಬೇಕಾದಾಗ ಬರ್ತಿದ್ದ ಅಂತಾದ್ರೆ ಆ ವಾದಕ್ಕೆ ಬಲ ಇದೆ. ನೀವೇ ಕರೆದು, ಇವತ್ತು ಈ ಸಾಲು ಹೊಡಿ ಅಂತ ನಿಂತು ಹೇಳಿ, ದಿನದ ಸಂಬಳ ಕೊಟ್ಟು, ಮಧ್ಯಾಹ್ನ ಊಟಾನೂ ಹಾಕಿದ್ರೆ ಬಲ ಇಲ್ಲ. ಮರಕ್ಕಿಷ್ಟು ಅಂತ ಲೆಕ್ಕ ಹಾಕಿ ಕೊಟ್ಟಿದ್ದಕ್ಕೇ ಗುತ್ತಿಗೆ ಆಗಿಬಿಡಲ್ಲ. ಪೂರ್ಣ ಅಂಗವೈಕಲ್ಯ ಅಂತಾದ್ರೆ 15,000ದ ಲೆಕ್ಕದಲ್ಲಿ 9,000 ಸಲ 40 ವಯಸ್ಸಿನ ಗುಣಕ 184.17, ಅಂದ್ರೆ 16,57,530 ರೂಪಾಯಿ. ಒಂದೆಕರೆಯವರಿಗೆ ಇದು ತೋಟ ಮಾರೋ ಮೊತ್ತ ಅಂತ ನನಗೂ ಗೊತ್ತು. ಆದ್ರೆ ಸೊಂಟ ಹೋಗಿ ಜಗಲಿ ಮೇಲೆ ಮಲಗಿರೋನ ಹತ್ರ ಮಾರೋಕೆ ತೋಟಾನೂ ಇಲ್ಲ, ಹಾಗಾಗಿ ಬಾವನ ಮೇಲೆ ಸಿಟ್ಟು ಮಾಡ್ಕೊಳ್ಬೇಡಿ.

ಈಗ ಮಾಡ್ಬೇಕಾದ್ದು: ಅವನ ಬ್ಯಾಂಕ್ ಪಾಸ್‌ಬುಕ್ಕಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗಿದೆಯಾ ನೋಡಿ, ಆಗಿದ್ರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ ಅಂತರ್ಥ, ಎರಡೂ ಕಾಲಿನ ಸ್ವಾಧೀನ ಪೂರ್ತಿ ಹೋದ್ರೆ ಅದ್ರಲ್ಲಿ 2 ಲಕ್ಷ, ನೀವೇ ಜೊತೆಗೆ ಹೋಗಿ ಅರ್ಜಿ ಕೊಡಿಸಿ, ತಡ ಆಗಿದೆ, ಇನ್ನೂ ತಡ ಮಾಡ್ಬೇಡಿ. ಸೊಸೈಟಿಲಿ ಸದಸ್ಯರ ಕೆಲಸದವರಿಗೆ ಅಂತ ಏನಾದ್ರೂ ವಿಮೆ ಇದೆಯಾ ಕೇಳಿ. ರಾಜಿಗೆ ಕೂತ್ರೆ ಕಾನೂನು ಸೇವಾ ಸಮಿತಿಯವರ ಎದುರೇ ಕೂತು ಕಂತಲ್ಲಿ ಕೊಡೋ ಹಾಗೆ ಮಾತಾಡಿ, ಅದನ್ನ ನೋಂದಾಯಿಸಿ. ಮುಂದಿನ ಮಳೆಗಾಲಕ್ಕೆ ಮುಂಚೆ ಕಾರ್ಮಿಕರ ಪಾಲಿಸಿ ಮಾಡ್ಸಿ, ಆಗೋದಾದ್ರೆ ಕಾರ್ಬನ್ ಫೈಬರ್ ದೋಟಿಗೆ (ಉದ್ದ ಕೋಲಿಗೆ) ಬನ್ನಿ, ನೆಲದ ಮೇಲೇ ನಿಂತು ಔಷಧಾನೂ ಹೊಡೀಬಹುದು, ಅಡಿಕೆ ಗೊನೆಯನ್ನೂ ಇಳಿಸ್ಬಹುದು. ಮಳೇಲಿ ಪಾಚಿ ಕಟ್ಟಿದ ಮರಕ್ಕೆ ಜನ ಹತ್ತಿಸೋದು ಇನ್ನು ಸಾಕು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಅಪ್ಪ ತದಡಿಯಿಂದ ಹೋಗೋ ಟ್ರಾಲ್ ಬೋಟಲ್ಲಿ ಕೆಲಸಕ್ಕಿದ್ರು, 50 ವರ್ಷ. ಆಗಸ್ಟ್ 2025ರಲ್ಲಿ ರಾತ್ರಿಯೆಲ್ಲ ಬಲೆ ಎಳೆದು ಬೆಳಗಿನ ಜಾವ ಎದೆನೋವು ಅಂತ ಕೂತವರು ದಡಕ್ಕೆ ಬರೋದ್ರೊಳಗೆ ಹೋಗ್ಬಿಟ್ರು. ಬೋಟಿನವರು ಊರ ಹಿರಿಯರ ಎದುರು ಒಂದು ಲಕ್ಷ ಕೊಟ್ಟು ಮುಗೀತು ಅಂದ್ರು. ಅವರು ಸಂಬಳದವರಲ್ಲ, ಪಾಲಿನ ಲೆಕ್ಕ ಅಂತಾರೆ. ನನಗೆ 24, ಮನೇಲಿ ಅಮ್ಮ ಮತ್ತು ಮದುವೆ ಆಗದ ತಂಗಿ.

ಉತ್ತರ: ಹಾರ್ಟ್ ಅಟ್ಯಾಕ್ ಕೇಸು ಸುಲಭ ಅಲ್ಲ ತಮ್ಮಾ. ಕೆಲಸದ ಹೊತ್ತಲ್ಲಿ ಸತ್ರು ಅನ್ನೋದಷ್ಟೇ ಸಾಲಲ್ಲ, ಕೆಲಸದ ಶ್ರಮಕ್ಕೂ ಆ ಸಾವಿಗೂ ನಂಟಿದೆ ಅಂತ ತೋರಿಸ್ಬೇಕು, ವಾಹನದ ಕ್ಲೀನರ್ ಒಬ್ಬರ ಕೇಸಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಇಲ್ಲದೇ ಹಾಗೆ ಊಹಿಸೋಕಾಗಲ್ಲ ಅಂದಿದೆ. ನಿಮ್ಮಲ್ಲಿ ರಾತ್ರಿಯೆಲ್ಲ ಬಲೆ ಎಳೆದ ವಿಷಯ ಇದೆ, ಅದೇ ನಿಮ್ಮ ಕೇಸಿನ ಜೀವ. ಆ ದಿನ ಬೋಟಲ್ಲಿದ್ದ ತಾಂಡೇಲ (ಬೋಟು ನಡೆಸೋನು), ಖಲಾಸಿಗಳು (ಬೋಟಿನ ಕೆಲಸದವರು) ಯಾರು, ಎಷ್ಟು ಸಲ ಬಲೆ ಬಿಟ್ರು, ಎದೆನೋವು ಅಂದ ಮೇಲೂ ಕೆಲಸ ಮಾಡಿಸಿದ್ರಾ, ಅವರೆಲ್ಲ ಜಾರ್ಖಂಡ್ ಒಡಿಶಾ ಕಡೆಯವರಾಗಿದ್ರೆ ಜೂನ್ ಒಂದಕ್ಕೆ ಮೀನುಗಾರಿಕೆ ಬಂದ್ ಆಗಿ ಊರಿಗೆ ಹೋಗೋದ್ರೊಳಗೆ ಹೇಳಿಕೆ, ಫೋನ್ ನಂಬರ್ ತಗೊಳ್ಳಿ. ಪೋಸ್ಟ್‌ಮಾರ್ಟಮ್ ಆಗಿದ್ರೆ ವರದಿ ಬೇಕು, ಆಗಿಲ್ಲ ಅಂದ್ರೆ ಇನ್ನೂ ಕಷ್ಟ.

ಪಾಲು ಅನ್ನೋದ್ರಲ್ಲೂ ಎರಡು ತರ ಇದೆ. ಬೋಟಿನ ಮಾಲೀಕತ್ವದಲ್ಲೇ ಪಾಲಿದ್ರೆ ಅವರು ನೌಕರ ಅಲ್ಲ. ಹಿಡಿದ ಮೀನಿನ ದುಡ್ಡಲ್ಲಿ ಡೀಸೆಲ್ ಐಸು ಖರ್ಚು ಕಳೆದು ಕೆಲಸಕ್ಕೆ ಸಿಗೋ ಪಾಲಾದ್ರೆ ಅದು ಕೂಲಿ ಕೊಡೋ ಒಂದು ರೀತಿ ಅಂತ ಗಟ್ಟಿಯಾಗಿ ವಾದ ಮಾಡ್ಬಹುದು, ಮೀನುಗಾರಿಕೆ ಕೆಲಸ ಪಟ್ಟಿಲಿ ಇದೆ.

ಸಾವಿನ ಪರಿಹಾರ ಮನೆಯವರ ಕೈಗೆ ಕೊಟ್ರೆ ಕಾಯ್ದೆ ಪ್ರಕಾರ ಕೊಟ್ಟ ಹಾಗೇ ಅಲ್ಲ, ಆಯುಕ್ತರ ಹತ್ರ ಠೇವಣಿ ಇಡ್ಬೇಕು, ಮುಂಗಡ ಅಂತ ಮೂರು ತಿಂಗಳ ಸಂಬಳದಷ್ಟು ಮಾತ್ರ ಮುರ್ಕೊಳ್ಬಹುದು. ಹಾಗಾಗಿ ಹಿರಿಯರ ಎದುರು ಮುಗಿದಿದ್ದು ಮುಗಿದಿಲ್ಲ. ಸಾವಿಗೆ ಸಂಬಳದ 50 ಪರ್ಸೆಂಟ್ ಹಿಡೀತಾರೆ, ತಿಂಗಳಿಗೆ 15,000 ಅಂತ ಸಾಬೀತಾದ್ರೆ 7,500 ಸಲ 50 ವಯಸ್ಸಿನ ಗುಣಕ 153.09, ಅಂದ್ರೆ 11,48,175. ಅರ್ಜಿ ಅಮ್ಮ ಮತ್ತು ತಂಗಿ ಹೆಸರಲ್ಲಿ ಹಾಕಿ, 18 ದಾಟಿದ ದುಡಿಯೋ ಶಕ್ತಿ ಇರೋ ಮಗ ಅವಲಂಬಿತನ ಪಟ್ಟಿಗೆ ಬರಲ್ಲ. ಮೀನುಗಾರರ ಗುಂಪು ವಿಮೆಲಿ ಸತ್ತವರಿಗೆ 5 ಲಕ್ಷ ಇದೆ ನಿಜ, ಅದು ಅಪಘಾತಕ್ಕೆ, ಹಾರ್ಟ್ ಅಟ್ಯಾಕಿಗೆ ಅದರ ಮೇಲೆ ಆಸೆ ಇಟ್ಕೊಳ್ಬೇಡಿ.

ಪ್ರಶ್ನೆ: ಸದಾಶಿವಗಡದಿಂದ ಗೋವಾದ ಕಂಪನಿಗೆ ದಿನಾ ಬೈಕಲ್ಲಿ ಹೋಗ್ತೇನೆ. ನೈಟ್ ಶಿಫ್ಟಿಗೆ ಹೋಗುವಾಗ ಹೈವೇಲಿ ಬಿದ್ದು ಕಾಲು ಮುರೀತು. ಕಂಪನಿ ಒಳಗೆ ಆಗಿಲ್ವಲ್ಲ, ಏನೂ ಸಿಗಲ್ಲ ಅಂತಾರೆ, ಹೌದಾ?

ಉತ್ತರ: ಅಲ್ಲ. ಮೊದಲು ಪೇ ಸ್ಲಿಪ್ ನೋಡಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ ಕಟ್ ಆಗ್ತಿದ್ರೆ ನೀವು ಕಂಪನಿ ಮೇಲಲ್ಲ, ಇಎಸ್‌ಐ ಮೇಲೆ ಕ್ಲೇಮ್ ಮಾಡ್ಬೇಕು. ಮನೆಯಿಂದ ಡ್ಯೂಟಿಗೆ ಹೋಗೋ ಬರೋ ದಾರೀಲಿ, ಆ ಹೊತ್ತಿಗೂ ಜಾಗಕ್ಕೂ ಕೆಲಸಕ್ಕೂ ಸಂಬಂಧ ಇದ್ರೆ, ಆದ ಅಪಘಾತ ಅದ್ರಲ್ಲಿ ಬರುತ್ತೆ, ರಜೆಲಿರೋವಷ್ಟು ದಿನ ಸಂಬಳದ ಸುಮಾರು 90 ಪರ್ಸೆಂಟ್ ಸಿಗುತ್ತೆ. ಕಂಪನಿಯಿಂದ ಅಪಘಾತ ವರದಿ ಕಳಿಸೋಕೆ ಬರವಣಿಗೆಲೇ ಕೇಳಿ. ಇಎಸ್‌ಐ ಇಲ್ಲ ಅಂದ್ರೆ ಪರಿಹಾರ ಕಾಯ್ದೆ, ಅದ್ರಲ್ಲೂ ಇಂಥ ಅಪಘಾತ ಬರುತ್ತೆ ಅಂತ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಗ ಕೇಸಿಗೆ ಗೋವಾಕ್ಕೆ ಓಡಾಡ್ಬೇಕಾಗಿಲ್ಲ, ನೀವು ವಾಸ ಇರೋ ಕಾರವಾರದಲ್ಲೇ ಹಾಕ್ಬಹುದು.

ಪ್ರಶ್ನೆ: ಅಡಿಕೆ ಮಂಡಿ ಹಮಾಲಿ ನಾನು. ಮೂಟೆ ಹೊರುವಾಗ ಜಾರಿ ಬಿದ್ದು ವರ್ಷ ಆಗ್ತಾ ಬಂತು, ಆಗ ನೋಟಿಸ್ ಗೀಟಿಸ್ ಏನೂ ಕೊಟ್ಟಿಲ್ಲ. ಟೈಮ್ ಮೀರ್ತಾ?

ಉತ್ತರ: ಇಲ್ಲ, ಎರಡು ವರ್ಷದವರೆಗೆ ಅವಕಾಶ ಇದೆ. ಬಿದ್ದಿದ್ದು ಮಾಲೀಕರಿಗೆ ಆಗಲೇ ಗೊತ್ತಿತ್ತು ಅಂತ ತೋರಿಸಿದ್ರೆ ನೋಟಿಸ್ ಕೊಡದೇ ಇದ್ದಿದ್ದೂ ಅಡ್ಡ ಬರಲ್ಲ. ಆದ್ರೆ ಆವತ್ತು ಜೊತೆಗಿದ್ದ ಹಮಾಲಿಗಳು ಈಗ ಎಲ್ಲಿದ್ದಾರೆ ನೋಡಿ, ಮತ್ತೆ ಎಕ್ಸ್‌ರೇ ಚೀಟಿ ಎಲ್ಲಿಟ್ಟಿದ್ದೀರಿ ಹುಡುಕಿ. ಸಿಕ್ಕ ಕೂಡ್ಲೇ ಕಾನೂನು ಸೇವಾ ಸಮಿತಿಗೆ ಹೋಗಿ.