ಬ್ಯಾಕ್ ಒತ್ತಿದರೆ ಆ್ಯಪ್‌ನಿಂದಲೇ ಆಚೆ ಬರುವ ಸಮಸ್ಯೆಗೆ

ಬೀಜ-ಸಸಿ ವಿನಿಮಯಕ್ಕೆ ವೆಬ್ ಆ್ಯಪ್ ಮಾಡುತ್ತಿದ್ದೀರಿ, ಪಟ್ಟಿಯಲ್ಲಿ ಸಸಿಯ ಫೋಟೋ ಮುಟ್ಟಿದರೆ ಪರದೆ ತುಂಬ ತೆರೆಯುತ್ತೆ, ಆಮೇಲೆ ಬ್ಯಾಕ್ ಒತ್ತಿದರೆ ಫೋಟೋ ಮುಚ್ಚುವ ಬದಲು ಆ್ಯಪ್ಪೇ ಹೊರಟುಹೋಗುತ್ತೆ, ಬ್ಯಾಕ್ ಬಟನ್ ತಡೆಯೋದು ಹೇಗೆ ಅಂತ ಕೇಳಿದ್ದೀರಿ. ತಡೆಯಬೇಡಿ ಸರ್. ಅದು ಬಳಸುವವರ ಬಟನ್. ಪುಟ ತೆರೆದ ಕೂಡಲೇ ಬ್ರೌಸರ್‌ನ ಹಿಸ್ಟರಿಗೆ, ಅಂದರೆ ನೋಡಿದ ಪುಟಗಳ ಪಟ್ಟಿಗೆ, ಒಂದು ಸುಳ್ಳು ನಮೂದು ಸೇರಿಸಿ ಹಿಡಿದಿಡುವ ಉಪಾಯ ಹಳೆಯದು. ಬಳಸುವವರು ಪುಟವನ್ನು ಮುಟ್ಟುವ ಮೊದಲೇ ಸೇರಿಸಿದ ನಮೂದನ್ನು ಕ್ರೋಮ್ ಈಗ ಬ್ಯಾಕ್ ಒತ್ತಿದಾಗ ಹಾರಿಸಿಬಿಡುತ್ತೆ.

ನಿಮ್ಮ ಫೋಟೋ ತೆರೆದಾಗ ಬ್ರೌಸರ್‌ಗೆ ಏನೂ ಗೊತ್ತಾಗಿಲ್ಲ, ಅದರ ಲೆಕ್ಕದಲ್ಲಿ ನೀವಿನ್ನೂ ಅದೇ ಪುಟದಲ್ಲಿದ್ದೀರಿ. ಹಾಗಾಗಿ ಫೋಟೋ ತೆರೆಯುವಾಗ ಹಿಸ್ಟರಿ.ಪುಶ್‌ಸ್ಟೇಟ್ (history.pushState) ಕರೆದು ಆ ಹಿಸ್ಟರಿಗೆ ಒಂದು ನಮೂದು ಸೇರಿಸಿ, ವಿಳಾಸದಲ್ಲಿ ಸಸಿಯ ಸಂಖ್ಯೆಯೂ ಇರಲಿ. ಬ್ಯಾಕ್ ಒತ್ತಿದಾಗ ಬ್ರೌಸರ್‌ನಿಂದ ಪಾಪ್‌ಸ್ಟೇಟ್ (popstate) ಅನ್ನುವ ಈವೆಂಟ್, ಅಂದರೆ ಸೂಚನೆ, ಬರುತ್ತೆ, ಅಲ್ಲಿ ಫೋಟೋ ಮುಚ್ಚಿ. ಪಾಪ್‌ಸ್ಟೇಟ್ ಒಳಗೆ ಮತ್ತೆ ಪುಶ್ ಮಾಡಬೇಡಿ, ಮುಂದಕ್ಕೆ ಹೋಗುವ ದಾರಿ ಅಳಿಸಿಹೋಗುತ್ತೆ.

ಎಲ್ಲರೂ ಎಡವುವುದು ಫೋಟೋದ ಮೂಲೆಯ ಮುಚ್ಚುವ ಗುರುತಿನಲ್ಲಿ. ಅದನ್ನು ಒತ್ತಿದಾಗ ಫೋಟೋವನ್ನಷ್ಟೇ ಮರೆ ಮಾಡಿದರೆ ಸೇರಿಸಿದ ನಮೂದು ಹಾಗೇ ಉಳಿಯುತ್ತೆ, ಮುಂದಿನ ಸಲ ಬ್ಯಾಕ್ ಒತ್ತಿದಾಗ ಏನೂ ಆಗದ ಹಾಗೆ ಕಾಣುತ್ತೆ. ಅಲ್ಲಿ ಹಿಸ್ಟರಿ.ಬ್ಯಾಕ್ ಕರೆಯಿರಿ, ಮುಚ್ಚುವ ಕೆಲಸವನ್ನು ಪಾಪ್‌ಸ್ಟೇಟ್ ನೋಡಿಕೊಳ್ಳಲಿ. ಆದರೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್‌ನಿಂದ ನೇರವಾಗಿ ಫೋಟೋಗೇ ಬಂದಿದ್ದರೆ? ಆಗ ಹಿಂದೆ ನಿಮ್ಮ ಪಟ್ಟಿ ಇರುವುದಿಲ್ಲ, ಹಿಸ್ಟರಿ.ಬ್ಯಾಕ್ ಅವರನ್ನು ಆಚೆ ತಳ್ಳಬಹುದು. ಅದಕ್ಕೆ ಪುಶ್ ಮಾಡುವಾಗ ಸ್ಟೇಟ್‌ನಲ್ಲಿ, ಅಂದರೆ ನಮೂದಿನ ಜೊತೆ ಉಳಿಯುವ ಮಾಹಿತಿಯಲ್ಲಿ, ನಿಮ್ಮದೇ ಒಂದು ಗುರುತು ಹಾಕಿಡಿ. ಗುರುತು ಇದ್ದರೆ ಬ್ಯಾಕ್, ಇಲ್ಲದಿದ್ದರೆ ಹೊಸ ನಮೂದು ಸೇರಿಸದೆ ಇರುವುದನ್ನೇ ಬದಲಿಸುವ ರಿಪ್ಲೇಸ್‌ಸ್ಟೇಟ್‌ನಿಂದ (replaceState) ವಿಳಾಸವನ್ನು ಪಟ್ಟಿಯದ್ದಾಗಿ ಬದಲಿಸಿ ಪಟ್ಟಿ ತೋರಿಸಿ.

ಎಲ್ಲದಕ್ಕೂ ಪುಶ್ ಮಾಡಲೂ ಬಾರದು. ನಮ್ಮೂರ ವಾಚನಾಲಯಕ್ಕೆ ಪುಸ್ತಕದ ಪಟ್ಟಿ ಮಾಡಿಕೊಟ್ಟಾಗ ಹುಡುಕುವ ಜಾಗದಲ್ಲಿ ಅಕ್ಷರಕ್ಕೊಂದು ನಮೂದು ಸೇರುವಂತೆ ಬರೆದಿದ್ದೆ. ಅಮ್ಮ ಒಂದು ಹೆಸರು ಹುಡುಕಿ ವಾಪಸ್ ಬರಲು ಒತ್ತಿ ಒತ್ತಿ, ಕೊನೆಗೆ ಫೋನ್ ಕೆಳಗಿಟ್ಟರು. ಅವರು ಆಮೇಲೆ ಅದನ್ನು ತೆರೆಯಲೇ ಇಲ್ಲ, ಅದು ಇವತ್ತಿಗೂ ನನಗೆ ಬೇಸರ. ಹುಡುಕಾಟ, ಫಿಲ್ಟರ್, ವಿಂಗಡಣೆಗೆಲ್ಲ ರಿಪ್ಲೇಸ್‌ಸ್ಟೇಟ್ ಸಾಕು. ‘ಬೇರೆ ಜಾಗಕ್ಕೆ ಬಂದೆ’ ಅಂತ ಬಳಸುವವರಿಗೆ ಅನಿಸುವ ಕಡೆ ಮಾತ್ರ ಪುಶ್.

ಬ್ಯಾಕ್ ಒತ್ತಿ ಬಂದವರಿಂದ ಎರಡೆರಡು ಬೇಡಿಕೆ ದಾಖಲಾಗುತ್ತಿದೆ ಅಂದಿರಲ್ಲ, ಫಾರ್ಮ್ ಸ್ವೀಕರಿಸಿದ ಸರ್ವರ್ ಅಲ್ಲೇ ಪುಟ ತೋರಿಸದೆ 303 ಅನ್ನುವ ‘ಬೇರೆ ಪುಟ ನೋಡಿ’ ಸಂಕೇತದ ಉತ್ತರ ಕೊಟ್ಟು ಬೇರೆ ಪುಟಕ್ಕೆ ಕಳಿಸಲಿ. ಫಾರ್ಮ್‌ಗೊಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್‌ನಲ್ಲೇ ಬಿಟ್ಟುಬಿಡಿ. ಅರ್ಧ ತುಂಬಿದ ಫಾರ್ಮ್ ಕಳೆದುಹೋಗುತ್ತೆ ಅನ್ನುವ ಭಯಕ್ಕೆ ಎಚ್ಚರಿಕೆಯ ಪೆಟ್ಟಿಗೆ ಬೇಡ, ಬರೆದದ್ದನ್ನು ಬ್ರೌಸರ್‌ನೊಳಗೇ ಇರುವ ಲೋಕಲ್‌ಸ್ಟೋರೇಜ್‌ನಲ್ಲಿ ಉಳಿಸುತ್ತಾ ಹೋಗಿ.

ಲಾಗೌಟ್ ಆದಮೇಲೂ ಬ್ಯಾಕ್ ಒತ್ತಿದರೆ ಹಳೆಯ ಪುಟ ಕಾಣೋದಕ್ಕೆ ಹೆಚ್ಚಾಗಿ ಬಿಎಫ್‌ಕ್ಯಾಶ್ (bfcache, ಬ್ಯಾಕ್-ಫಾರ್ವರ್ಡ್ ಕ್ಯಾಶ್) ಕಾರಣ. ಬ್ರೌಸರ್ ಇಡೀ ಪುಟವನ್ನು ನೆನಪಿನಲ್ಲಿ ಹಾಗೇ ನಿಲ್ಲಿಸಿಟ್ಟು ತಕ್ಷಣ ಎದುರಿಗಿಡುತ್ತೆ, ಸರ್ವರ್ ಅನ್ನು ಕೇಳುವುದೇ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಇದು 2005ರಿಂದಲೂ ಇದೆ, ಡೆಸ್ಕ್‌ಟಾಪ್ ಕ್ರೋಮ್‌ಗೆ ಬಂದದ್ದು 2021ರಲ್ಲಿ. ಪುಟ ಕಾಣಿಸಿಕೊಂಡಾಗ ಬರುವ ಪೇಜ್‌ಶೋ (pageshow) ಈವೆಂಟ್‌ನಲ್ಲಿ ಪರ್ಸಿಸ್ಟೆಡ್ (persisted) ಬೆಲೆ true ಆಗಿದ್ದರೆ, ಅಂದರೆ ಪುಟ ಬಿಎಫ್‌ಕ್ಯಾಶ್‌ನಿಂದ ಬಂದಿದ್ದರೆ, ಲಾಗಿನ್ ಇನ್ನೂ ಇದೆಯೇ ಅಂತ ಪರೀಕ್ಷಿಸಿ, ಇಲ್ಲದಿದ್ದರೆ ಪುಟವನ್ನು ಮತ್ತೆ ಲೋಡ್ ಮಾಡಿಸಿ. ಫೋನ್ ನಂಬರ್, ಮನೆ ವಿಳಾಸ ಇರುವ ಪುಟಗಳಿಗೆ ಸರ್ವರ್ ಕಳಿಸುವ ಕ್ಯಾಶ್-ಕಂಟ್ರೋಲ್ (Cache-Control) ಹೆಡರ್‌ನಲ್ಲಿ ನೋ-ಸ್ಟೋರ್ (no-store), ಅಂದರೆ ‘ಉಳಿಸಿಡಬೇಡ’, ಅಂತ ಹಾಕಿ. ಪಟ್ಟಿಯ ಪುಟಕ್ಕೆ ಹಾಕಬೇಡಿ, ಅಲ್ಲಿ ಸ್ಕ್ರೋಲ್ ಮಾಡಿದ ಜಾಗಕ್ಕೇ ವಾಪಸ್ ಬರುವುದು ದೊಡ್ಡ ಅನುಕೂಲ.

ಇಷ್ಟು ಮಾಡಿ ಫೋನಿನಲ್ಲೇ ನೋಡಿ, ಪರದೆಯ ಅಂಚಿನಿಂದ ಬೆರಳು ಎಳೆದು. ಫೋಟೋ ತೆರೆದು ಮೂಲೆಯ ಗುರುತು ಒತ್ತಿ ಮುಚ್ಚಿದ ಮೇಲೆ ಒಂದೇ ಸಲಕ್ಕೆ ಹಿಂದಿನ ಪುಟ ಬರಬೇಕು. ಬರದಿದ್ದರೆ ಪಾಪ್‌ಸ್ಟೇಟ್ ಇರುವ ಭಾಗದ ಕೋಡ್ ಇಲ್ಲಿ ಹಾಕಿ, ರಾತ್ರಿ ಕೂತು ನೋಡುತ್ತೇನೆ.