ಅಮೆರಿಕದಲ್ಲಿ ಪೊಲೀಸರು ಹಕ್ಕು ಓದಿ ಹೇಳದಿದ್ದರೆ ಕೇಸ್ ಬಿದ್ದುಹೋಗುತ್ತಾ?

ಇಲ್ಲ. ಸುಮ್ಮನಿರುವ, ಲಾಯರ್ ಪಡೆಯುವ ಹಕ್ಕುಗಳನ್ನು ತಿಳಿಸದೆ ಪೊಲೀಸರು ನಡೆಸಿದ ವಿಚಾರಣೆಯಲ್ಲಿ ಆರೋಪಿ ಹೇಳಿದ್ದನ್ನು ಅವನ ತಪ್ಪು ಸಾಬೀತುಮಾಡಲು ಸಾಮಾನ್ಯವಾಗಿ ಬಳಸುವಂತಿಲ್ಲ, ಅಷ್ಟೇ. ಬೇರೆ ಸಾಕ್ಷಿ ಇದ್ದರೆ ಕೇಸ್ ಮುಂದುವರಿಯುತ್ತದೆ.

ಈ ನಿಯಮ ಬಂದದ್ದೇ ಬಾಯಿಬಿಡಿಸುವ ಒತ್ತಡವನ್ನು ತಡೆಯಲು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎನ್ನುತ್ತದೆ ಅಮೆರಿಕದ ಸಂವಿಧಾನದ 5ನೇ ತಿದ್ದುಪಡಿ. ಆದರೆ ಠಾಣೆಯ ಕೋಣೆಯಲ್ಲಿ ಒಬ್ಬನೇ ಕುಳಿತವನಿಗೆ ಹೊಡೆತ ಬೀಳದಿದ್ದರೂ ಭಯ ಇದ್ದೇ ಇರುತ್ತದೆ ಅಲ್ವಾ? 1963ರಲ್ಲಿ ಫೀನಿಕ್ಸ್ ನಗರದಲ್ಲಿ ಅರ್ನೆಸ್ಟೋ ಮಿರಾಂಡಾ ಎಂಬಾತನನ್ನು ಸುಮಾರು ಎರಡು ಗಂಟೆ ವಿಚಾರಿಸಿ, ತಪ್ಪೊಪ್ಪಿಗೆ ಬರೆಸಿಕೊಂಡರು. ಲಾಯರ್ ಇಟ್ಟುಕೊಳ್ಳಬಹುದು ಎಂದು ಯಾರೂ ಹೇಳಿರಲಿಲ್ಲ. 1966ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಅವನ ಶಿಕ್ಷೆ ರದ್ದುಮಾಡಿತು. ಸುಮ್ಮನಿರಬಹುದು, ಹೇಳಿದ್ದು ನಿಮ್ಮ ವಿರುದ್ಧವೇ ಬಳಕೆಯಾಗಬಹುದು, ಲಾಯರ್ ಜೊತೆಗಿರಬಹುದು, ದುಡ್ಡಿಲ್ಲದಿದ್ದರೆ ಸರ್ಕಾರವೇ ಕೊಡುತ್ತದೆ ಎಂದು ಮೊದಲೇ ತಿಳಿಸಬೇಕು ಎಂದಿತು. ಆದರೂ ಆ ತಪ್ಪೊಪ್ಪಿಗೆ ಇಲ್ಲದೆಯೇ ಕೋರ್ಟಿನಲ್ಲಿ ಮತ್ತೆ ವಿಚಾರಣೆ ನಡೆದು, 1967ರಲ್ಲಿ ಅವನಿಗೆ ಮತ್ತೆ ಶಿಕ್ಷೆಯಾಯಿತು.

ಬಂಧನದಲ್ಲಿಟ್ಟು ಪ್ರಶ್ನೆ ಕೇಳುವಾಗ ಮಾತ್ರ ಈ ಎಚ್ಚರಿಕೆ ಕಡ್ಡಾಯ. ರಸ್ತೆಯಲ್ಲಿ ಕಾರು ನಿಲ್ಲಿಸಿ ಎರಡು ಮಾತು ಕೇಳಿದರೆ ಸಾಮಾನ್ಯವಾಗಿ ಬೇಕಿಲ್ಲ.

ವೀಸಾದ ಮೇಲೆ ಅಲ್ಲಿರುವ ನಮ್ಮವರಿಗೂ ಈ ಹಕ್ಕು ಇದೆ, ನಾಗರಿಕರೇ ಆಗಬೇಕೆಂದಿಲ್ಲ. ಆದರೆ 2010ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸುಮ್ನೆ ಕುಳಿತರೆ ಸಾಲದು. ‘ನಾನು ಮಾತಾಡುವುದಿಲ್ಲ, ಲಾಯರ್ ಬೇಕು’ ಎಂದು ಸ್ಪಷ್ಟವಾಗಿ ಹೇಳಿ.